ಬೋರ್ಡಿನಲ್ಲಿ ನಿಲ್ಲದ ಹೊಂಬಾಳಮ್ಮ

ಫೋಟೋ ತೆಗೆಯೋದು ಏನು ಮಹಾ, ಯಾರು ಬೇಕಾದರೂ ತೆಗೆಯಬಹುದು. ತೆಗೆಸಿಕೊಂಡವರು ಅದರೊಳಗೆ ನಿಲ್ಲಬೇಕಲ್ಲ, ನಮ್ಮೂರಲ್ಲಿ ಕಷ್ಟ ಇರೋದು ಅಲ್ಲಿ. ಮನಸ್ಸಿಲ್ಲದೆ ಕೂತವರು ಕಾಗದ ಒಣಗುವಷ್ಟರಲ್ಲಿ ಎದ್ದು ಹೊರಟುಬಿಡುತ್ತಾರೆ. ಪಕ್ಕದಲ್ಲಿ ಇನ್ನೊಂದು ಫೋಟೋ ತಗುಲಿಕೊಂಡಿದ್ದರೆ ಅದರೊಳಕ್ಕೆ ಹೋಗಿ ಸೇರಿಕೊಳ್ಳುತ್ತಾರೆ, ಇಲ್ಲದಿದ್ದರೆ ಎಲ್ಲಿಗೋ ಹೋಗುತ್ತಾರೆ. ಎಲ್ಲಿಗೆ ಅಂತ ನಮ್ಮಲ್ಲಿ ಯಾರೂ ಕೇಳುವುದಿಲ್ಲ. ಖಾಲಿ ಕುರ್ಚಿ, ಹಿಂದಿನ ಪರದೆ, ಪ್ಲಾಸ್ಟಿಕ್ ಹೂವಿನ ಕುಂಡ, ಇಷ್ಟು ಉಳಿಯುತ್ತದೆ. ಮತ್ತೆ ತೆಗೆಸಿದರೆ ಹೊಸ ಫೋಟೋದೊಳಕ್ಕೆ ಬರುತ್ತಾರೆ, ಮನಸ್ಸಾದರೆ ನಿಲ್ಲುತ್ತಾರೆ.

ಅದಕ್ಕೇ ನಮ್ಮಲ್ಲಿ ಮದುವೆ ಫೋಟೋ ನೇತುಹಾಕುವಾಗ ಹುಡುಗಿಯ ತವರಿನವರ ಫೋಟೋದಿಂದ ಒಂದು ಗೇಣು ದೂರಕ್ಕೆ ಮೊಳೆ ಹೊಡೆಯುತ್ತಾರೆ. ಅಂಟಿಸಿ ಹಾಕಿದರೆ ಆಷಾಢಕ್ಕೆ ಅಂತ ಅಮ್ಮನ ಪಕ್ಕ ಹೋಗಿ ಕೂತ ಮದುಮಗಳು ಶ್ರಾವಣ ಬಂದರೂ ವಾಪಸ್ಸು ಬರುವುದಿಲ್ಲ. ಪುಢಾರಿಗಳ ಫೋಟೋ ಮಾತ್ರ ಕದಲಿದ್ದನ್ನು ನಾನು ಕಂಡಿಲ್ಲ. ಮಳೆಗೆ ಬಣ್ಣ ಹೋಗಿ, ಹಸು ಅರ್ಧ ತಿಂದುಹಾಕಿದರೂ ಉಳಿದರ್ಧ ಕೈ ಮುಗಿದುಕೊಂಡು ನಿಂತೇ ಇರುತ್ತದೆ.

ನನ್ನ ಹೆಸರು ಪಂಕಜಾಕ್ಷಿ. ಊರಿಗೆಲ್ಲ ಫೋಟೋ ಪಂಕಜಕ್ಕ. ನನ್ನ ಕೈಯ ಫೋಟೋದಿಂದ ಎದ್ದು ಹೋದವರು ಕಡಿಮೆ, ಜಂಬ ಅಂತಲಾದರೂ ಅನ್ನಿ, ನಿಜ ಅಂತಲಾದರೂ ಅನ್ನಿ. ನನ್ನ ಗುಟ್ಟು ಏನೂ ಇಲ್ಲ, ಬಾಯಿ. ಮಾತಾಡಿಸ್ತಾ ಮಾತಾಡಿಸ್ತಾ ಎದುರಿಗಿರೋದು ಕ್ಯಾಮೆರಾ ಅನ್ನೋದನ್ನೇ ಮರೆಸಿಬಿಡುತ್ತೇನೆ. ಅದರಲ್ಲೂ ವ್ಯಾಪಾರ ಮಾಡೋ ಹೆಂಗಸರನ್ನು ಕೂರಿಸೋದು ನನ್ನಿಂದಲೇ ಆಗಬೇಕು. ಗಿರಾಕಿ ಮುಂದೆ ಹುಲಿ ಹಾಗಿರುವವರು ನನ್ನ ಸ್ಟೂಲಿನ ಮೇಲೆ ಕೂತ ಕೂಡಲೇ ಹೊಟ್ಟೆ ಒಳಗೆಳೆದುಕೊಂಡು, ತುಟಿ ಬಿಗಿದುಕೊಂಡು, ಯಾರದೋ ಮನೆಗೆ ಸಾಲ ಕೇಳಲು ಬಂದವರ ಹಾಗೆ ಆಗಿಬಿಡುತ್ತಾರೆ.

ಹೋದ ವರ್ಷ ಊರಲ್ಲಿ ಹೊಸ ಪೇಟೆಬೀದಿ ಕಟ್ಟಿದರು. ಅಂಗಡಿಗಳೆಲ್ಲ ಒಂದಕ್ಕೊಂದು ಗೋಡೆ ಹಂಚಿಕೊಂಡು ಸಾಲಾಗಿ ನಿಂತಿದ್ದವು. ಪೇಟೆಯ ಯಜಮಾನರು ದೊಡ್ಡವೀರಯ್ಯನವರು ಒಂದೇ ಒಂದು ನಿಯಮ ಮಾಡಿದರು. ಅಂಗಡಿ ಯಾರದೋ ಅವರ ಮುಖ ಬೋರ್ಡಿನ ಮೇಲೆ ಇರಬೇಕು. ಪೇಟೆ ತೆರೆಯೋ ಶುಕ್ರವಾರ ಬೆಳಗ್ಗೆ ತಾವು ಗಂಟೆ ಹಿಡಿದು ಬೀದಿಯ ಈ ತುದಿಯಿಂದ ಆ ತುದಿಗೆ ಬರುತ್ತಾರೆ. ಬೋರ್ಡಿನಲ್ಲಿ ಮುಖ ಇದ್ದರೆ ಗಂಟೆ ಬಾರಿಸುತ್ತಾರೆ, ಅಂಗಡಿ ಗಟ್ಟಿ. ಬೋರ್ಡು ಖಾಲಿ ಇದ್ದರೆ ಆ ಅಂಗಡಿ ಸರದಿಯಲ್ಲಿ ಕಾದು ನಿಂತವರಿಗೆ. ನಿಯಮ ಕೇಳಿದ ಗಂಡಸರು ತಲೆ ಬಾಚಿಕೊಂಡು ಬಂದು ಫೋಟೋ ತೆಗೆಸಿಕೊಂಡು ಹೋದರು. ಹೆಂಗಸರು ಮಾತ್ರ ನನ್ನ ಬಾಗಿಲಲ್ಲಿ ನಿಂತು ಒಬ್ಬರನ್ನೊಬ್ಬರು ಮುಂದಕ್ಕೆ ತಳ್ಳುತ್ತಿದ್ದರು. ಬಳೆ ಅಂಗಡಿಯ ಗುಲ್ನಾಜ್, ಊರಿಗೆಲ್ಲ ಕೇಳೋ ಹಾಗೆ ನಗುವವಳು, "ಪಂಕಜಕ್ಕ, ಬರೀ ಕೈ ತೆಗೀರಿ, ಬಳೆ ಕಂಡ್ರೆ ಸಾಕಲ್ವಾ" ಅಂದಳು. ಹೂವಿನ ಸಣ್ಣತಾಯಮ್ಮ ಅಂತೂ ಮುಖದ ಮುಂದೆ ಮಲ್ಲಿಗೆ ದಿಂಡು ಹಿಡಿದುಕೊಂಡು ಕೂತಳು. ಬಯ್ದೂ ಬಯ್ದೂ, ನಗಿಸೀ ನಗಿಸೀ ಇಬ್ಬರನ್ನೂ ಒಂದು ದಾರಿಗೆ ತಂದೆ.

ಹೊಂಬಾಳಮ್ಮ ಬಂದಾಗ ನಾನು ಸೋತೆ. ಅವಳದು ಹಿಟ್ಟಿನ ಗಿರಣಿ. ಹಳೇ ಓಣಿಯಲ್ಲಿ ಆ ಗಿರಣಿಯ ಸದ್ದಿನ ನಡುವೆ ವರ್ಷಗಟ್ಟಲೆ ಇದ್ದು ಅವಳಿಗೆ ಮಾತೇ ಮರೆತ ಹಾಗಿತ್ತು. ಎಲ್ಲ ಕೈಸನ್ನೆಯಲ್ಲೇ. ಬೆರಳು ತಿಕ್ಕಿದರೆ ನುಣ್ಣಗೆ ಬೇಕೋ ತರಿತರಿ ಬೇಕೋ ಅಂತ, ಅಂಗೈ ಚಾಚಿದರೆ ಆಮೇಲೆ ಬಾ ಅಂತ. ಊರಿನ ಅಷ್ಟೂ ಮನೆಯ ರಾಗಿ, ಅಕ್ಕಿ, ಗೋಧಿ ಅವಳ ಕೈಯಲ್ಲಿ ಹಾದು ಹೋಗಿತ್ತು, ಆದರೆ ಅವಳ ಮುಖ ಹೇಗಿದೆ ಅಂತ ಕೇಳಿದರೆ ಹೇಳುವವರು ಯಾರೂ ಇರಲಿಲ್ಲ. ಡಬ್ಬ ತೆಗೆದುಕೊಳ್ಳುವಾಗಲೂ ಡಬ್ಬವನ್ನೇ ನೋಡುತ್ತಿದ್ದಳು.

"ಪಂಕಜಕ್ಕ, ನಂಗೆ ಫೋಟೋ ಅಂದ್ರೆ ಕೈಕಾಲು ಬರಲ್ಲ" ಅಂದಳು, ನನ್ನ ಸ್ಟುಡಿಯೋದ ನೆಲಕ್ಕೆ ಹೇಳುವ ಹಾಗೆ. "ಆದ್ರೆ ತೆಗೆಸ್ಲೇಬೇಕು. ನಮ್ಮ ಚಿಕ್ಕರಾಜು ಕಾಯ್ತಾ ಕೂತವ್ನೆ."

ಚಿಕ್ಕರಾಜು ಅವಳ ಮೈದುನ. ಕೆಟ್ಟವನಲ್ಲ, ಹಾಗೆ ಹೇಳಿದರೆ ನನ್ನ ಬಾಯಿಗೆ ಹುಳ ಬೀಳಲಿ. ಅಂಗಿ ಹೊಲಿಸಿದರೆ ಒಂದು ಫೋಟೋ, ಕ್ಷೌರ ಮಾಡಿಸಿದರೆ ಒಂದು ಫೋಟೋ, ಒಂದರಿಂದಲೂ ಒಂದು ಕೂದಲೆಳೆ ಅಲ್ಲಾಡಿದವನಲ್ಲ. ಅಣ್ಣ ತೀರಿಕೊಂಡ ಮೇಲೆ ಗಿರಣಿಯ ಕಡೆ ಒಂದು ದಿನವೂ ತಲೆ ಹಾಕಲಿಲ್ಲ. ಈಗ ಪೇಟೆಬೀದಿ ಅಂದ ಕೂಡಲೇ ಬಂದು, "ಅತ್ತಿಗೆ, ನಿಮಗ್ಯಾಕೆ ಈ ತಾಪತ್ರಯ. ಒಳಗೆ ನೀವು ಬೀಸಿ, ಹೊರಗೆ ನನ್ನ ಮುಖ ಇರ್ಲಿ. ಮನೆಯವರೇ ತಾನೇ" ಅಂದನಂತೆ. ಪ್ರೀತಿಯಿಂದಲೇ ಅಂದನಂತೆ.

"ಕಲ್ಲು ಕೂರ್ಸಿದ್ದು ನಾನು, ಬೆಲ್ಟ್ ಕಿತ್ತೋದಾಗ ಹೊಲ್ದಿದ್ದು ನಾನು" ಅಂದಳು ಹೊಂಬಾಳಮ್ಮ. "ನಾಳೆ ಹೊಸಬರು ಬಂದು ಬೋರ್ಡ್ ನೋಡಿ, ಚಿಕ್ಕರಾಜಣ್ಣನ ಗಿರಣಿ ಇದೇನಾ ಅಂತ ನನ್ನೇ ಕೇಳ್ತಾರೆ. ನಾನು ಹೂಂ ಅನ್ಬೇಕು. ಅದೊಂದು ನನ್ನ ಕೈಲಾಗಲ್ಲ ಅಕ್ಕ."

ಅವಳು ಅಷ್ಟು ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಇವಳನ್ನು ಆ ಬೋರ್ಡಿನಲ್ಲಿ ನಿಲ್ಲಿಸದಿದ್ದರೆ ಕ್ಯಾಮೆರಾ ಅಟ್ಟಕ್ಕೆ ಹಾಕಿಬಿಡ್ತೀನಿ ಅಂದುಕೊಂಡೆ.

ಮೊದಲು ಮಖಮಲ್ಲಿನ ಕುರ್ಚಿಯಲ್ಲಿ ಕೂರಿಸಿ ತೆಗೆದೆ. ಬಟ್ಟಲಿನ ನೀರಿನಿಂದ ಕಾಗದ ಎತ್ತುವಷ್ಟರಲ್ಲೇ ಹೊರಟುಹೋಗಿದ್ದಳು, ಕುರ್ಚಿಯ ಮೇಲೆ ಕೂತ ಗುರುತೂ ಇರಲಿಲ್ಲ. ಸರಿ, ಅವರವರ ಕೆಲಸದ ನಡುವೆ ತೆಗೆದರೆ ನಿಲ್ಲುತ್ತಾರೆ ಅಂತ ನಮ್ಮ ಕಸುಬಿನವರು ಹೇಳೋದುಂಟು. ಗಿರಣಿಗೇ ಹೋಗಿ, ಅವಳಿಗೆ ಹೇಳದೆ, ರಾಗಿ ಸುರಿಯುತ್ತಿರುವಾಗ ತೆಗೆದೆ. ಫೋಟೋ ಬಹಳ ಚೆನ್ನಾಗಿ ಬಂತು. ಬೆಲ್ಟು ತಿರುಗುತ್ತಿದೆ, ಹಿಟ್ಟು ಬೀಳುತ್ತಿದೆ, ಡಬ್ಬ ತುಂಬುತ್ತಿದೆ, ಹೊಂಬಾಳಮ್ಮ ಇಲ್ಲ. ಅದನ್ನು ನೋಡಿ ಚಿಕ್ಕರಾಜು, "ಗಿರಣಿಗೆ ಅತ್ತಿಗೆ ಬೇಕಾಗೇ ಇಲ್ಲ ನೋಡಿ, ತಾನೇ ಓಡ್ತದೆ" ಅಂತ ನಕ್ಕ. ನನಗೆ ಆ ಹೊತ್ತು ಅವನ ಕಪಾಳಕ್ಕೆ ಬಿಡಬೇಕು ಅನ್ನಿಸಿದ್ದು ನಿಜ.

ಮೂರನೇ ಸಲ ಮತ್ತೆ ಸ್ಟುಡಿಯೋದಲ್ಲಿ ತೆಗೆದೆ. ಆ ಸಂಜೆ ಎಲ್ಲ ಹೆಂಗಸರ ಬೋರ್ಡಿನ ಫೋಟೋಗಳನ್ನೂ ಒಟ್ಟಿಗೆ ತೊಳೆದಿದ್ದೆ. ನನ್ನ ಸೊಂಟ ಹಿಡಿದುಕೊಂಡಿತ್ತು. ಗುಲ್ನಾಜ್ ಅಲ್ಲೇ ಇದ್ದವಳು, "ನೀವು ಕೂತ್ಕೊಳ್ಳಿ ಅಕ್ಕ, ಒಣಗಾಕೋದು ನಂಗೊತ್ತು" ಅಂದಳು. ಒಣಗಿ ಹಾಕಿದಳು, ಹೇಗೆ, ಮನೆಯಲ್ಲಿ ಸೀರೆ ಒಣಗಿ ಹಾಕುವ ಹಾಗೆ. ಒಂದರ ಅಂಚು ಇನ್ನೊಂದರ ಮೇಲೆ, ಎರಡಕ್ಕೂ ಸೇರಿಸಿ ಒಂದೇ ಕ್ಲಿಪ್ಪು, ಹಗ್ಗದಲ್ಲಿ ಜಾಗ ಉಳಿಯಲಿ ಅಂತ. ಫೋಟೋ ಕೆಲಸದವರು ಯಾರೂ ಹಾಗೆ ಮಾಡುವುದಿಲ್ಲ. ನಾನು ತಿರುಗಿ ನೋಡದೆ ಬಾಗಿಲು ಹಾಕಿಕೊಂಡು ಹೋದೆ.

ಬೆಳಗ್ಗೆ ಬಂದು ನೋಡಿದರೆ ಹಗ್ಗದ ಮೇಲೆ ಎಲ್ಲ ಖಾಲಿ ಕುರ್ಚಿಗಳು. ಒಂದೊಂದೇ ನೋಡುತ್ತಾ ಹೋದೆ. ಆಮೇಲೆ ಗುಲ್ನಾಜಳ ಫೋಟೋ ಕಂಡಿತು. ಅದರಲ್ಲಿ ಕಾಲಿಡಲು ಜಾಗ ಇರಲಿಲ್ಲ. ಸಣ್ಣತಾಯಮ್ಮ ಕಾಲು ಚಾಚಿಕೊಂಡು ಕೂತಿದ್ದಾಳೆ. ಲಂಗ ಹೊಲಿಯೋ ಜಯಶೀಲಾ ಬಳೆಯ ಪೆಟ್ಟಿಗೆಯನ್ನೇ ಮಗುಚಿ ಹಾಕಿಕೊಂಡಿದ್ದಾಳೆ. ನಡುವೆ ಗುಲ್ನಾಜ್ ಒಬ್ಬಳ ಕೈ ಹಿಡಿದು ಹಸಿರು ಬಳೆ ತೊಡಿಸುತ್ತಿದ್ದಾಳೆ. ಆ ಕೈಯವಳು ಕತ್ತು ಹಿಂದಕ್ಕೆ ಹಾಕಿ, ಬಾಯಿ ತುಂಬ ನಗುತ್ತಿದ್ದಾಳೆ. ಎಡಗಡೆ ಒಂದು ಕೋರೆಹಲ್ಲು. ಯಾರಿವಳು ಅಂತ ನಾನು ಕನ್ನಡಕ ಒರೆಸಿಕೊಂಡು ನೋಡಿದೆ. ಹೊಂಬಾಳಮ್ಮ.

ಹೇಳಿ ಕಳಿಸಿದೆ. ನಾಲ್ವರೂ ಓಡಿ ಬಂದರು. ಗುಲ್ನಾಜ್ ತನ್ನ ಫೋಟೋ ನೋಡಿ, "ನೋಡಿ, ಅಲ್ಲೂ ನಂಗೆ ಬಿಡುವಿಲ್ಲ" ಅಂತ ಬಿದ್ದು ಬಿದ್ದು ನಕ್ಕಳು. ಹೊಂಬಾಳಮ್ಮ ಮಾತ್ರ ಫೋಟೋದ ಎದುರಿಗೆ ಬರಲಿಲ್ಲ, ಬಾಗಿಲ ಹತ್ತಿರವೇ ನಿಂತು ಓರೆಯಾಗಿ ನೋಡಿದಳು. ಬಹಳ ಹೊತ್ತು ನೋಡಿದಳು.

"ನಾನು ನಗೋದು ಹಿಂಗಾ" ಅಂದಳು.

"ನಮಗೇನು ಗೊತ್ತು ತಾಯಿ, ನೀನು ನಕ್ಕಿದ್ದನ್ನ ಕಂಡವರ್ಯಾರು" ಅಂದೆ.

ಶುಕ್ರವಾರ ಹತ್ತಿರ ಬಂದಿತ್ತು. ಗುಲ್ನಾಜಳ ಬೋರ್ಡಿನಲ್ಲಿ ನಾಲ್ಕು ಮುಖ, ಮಿಕ್ಕ ಮೂರು ಖಾಲಿ ಅಂದರೆ ಯಜಮಾನರು ಒಪ್ಪುವರೇ. ಎದ್ದು ಹೋದವರನ್ನು ಅದೇ ಫೋಟೋಗೆ ವಾಪಸ್ಸು ಕರೆಯುವುದಕ್ಕೆ ನಮ್ಮಲ್ಲಿ ಇರೋದು ಒಂದೇ ದಾರಿ, ಯಾರ ಫೋಟೋವೋ ಅವರೇ ಎದುರು ನಿಂತು ಕರೆಯಬೇಕು. "ಹೂವು ಬಾಡ್ತಾವೆ, ಬಾರೇ" ಅಂದಳು ಸಣ್ಣತಾಯಮ್ಮ, ಅವಳ ಫೋಟೋದವಳು ಸೆರಗು ಕೊಡವಿಕೊಂಡು ಎದ್ದು ಬಂದಳು. ಜಯಶೀಲಾ ಎರಡು ಸಲ ಗದರಿದ ಮೇಲೆ ಅವಳ ಫೋಟೋದವಳೂ ಬಂದಳು. ಹೊಂಬಾಳಮ್ಮ ಫೋಟೋಗೆ ಬೆನ್ನು ಮಾಡಿ ನಿಂತು, ಗೋಡೆಗೆ ಹೇಳಿದ ಹಾಗೆ, "ಬಾ" ಅಂದಳು. ಬೆನ್ನು ಮಾಡಿ ಕರೆದರೆ ಯಾರು ಬರುತ್ತಾರೆ.

"ಹೋಗ್ಲಿ ಬಿಡಿ ಅಕ್ಕ" ಅಂದಳು ಆಮೇಲೆ. "ಅಲ್ಲಿ ಚೆನ್ನಾಗವ್ಳೆ. ಅವಳನ್ನ ಯಾಕೆ ತಂದು ಒಬ್ಬಳನ್ನೇ ನಿಲ್ಲಿಸ್ಬೇಕು."

ಆ ಮಾತು ನನಗೆ ನಾಟಿತು. ಅಲ್ಲವೇ ಮತ್ತೆ, ಒಬ್ಬಳನ್ನೇ ಕೂರಿಸಿ ನೋಡು ನೋಡು ಅಂದರೆ ಅವಳಾದರೂ ಏನು ನೋಡಬೇಕು. ಅವಳು ಎದ್ದು ಹೋಗದೇ ಇರೋ ಜಾಗ ಯಾವುದು ಅಂತ ಯೋಚಿಸಿದೆ. ಹೊಳೆಯಿತು. ಮನೆ ತುಂಬ ಜನ ಬಂದು ಕೂತಿರುವಾಗ ಬಂದವರನ್ನು ಬಿಟ್ಟು ಎದ್ದು ಹೋಗೋ ಹೆಂಗಸನ್ನು ಈ ಊರಲ್ಲಿ ನಾನಂತೂ ಕಂಡಿಲ್ಲ. ಮೈಮೇಲೆ ಜ್ವರ ಇದ್ದರೂ ಹೋಗುವುದಿಲ್ಲ.

"ತಂಬಿಟ್ಟು ಮಾಡೋಕೆ ಬರುತ್ತಾ" ಅಂತ ಕೇಳಿದೆ.

"ಹಿಟ್ಟಿನ ಗಿರಣಿಯವಳನ್ನ ಕೇಳೋ ಮಾತಾ ಇದು" ಅಂದಳು. ನನಗೆ ಅವಳು ಎದುರುತ್ತರ ಕೊಟ್ಟಿದ್ದು ಅದೇ ಮೊದಲು.

ಅವಳ ಹೊಸ ಅಂಗಡಿಯ ಒಳಗೆ ಚಾಪೆ ಹಾಸಿಸಿದೆ. ಚಾಪೆಯ ಮೇಲೆ ಅರಿಶಿನ ಕುಂಕುಮದ ಬಟ್ಟಲು, ನೀರಿನ ಚೊಂಬು. ಹೊಂಬಾಳಮ್ಮನ ಕೈಗೆ ತಂಬಿಟ್ಟಿನ ತಟ್ಟೆ ಕೊಟ್ಟು ಚಾಪೆಯ ಪಕ್ಕ ನಿಲ್ಲಿಸಿದೆ. "ಕ್ಯಾಮೆರಾ ನೋಡಬೇಡ. ಜನ ಬರ್ತಾರೆ, ಬಾಗಿಲ ಕಡೆ ನೋಡ್ತಿರು" ಅಂದೆ. ಚಾಪೆ ಖಾಲಿ ಇರುವಾಗಲೇ ತೆಗೆದೆ. ಮತ್ತೆ ಆ ಕಾಗದವನ್ನು, ಈ ಸಲ ಬೇಕೆಂದೇ, ಗುಲ್ನಾಜ್ ಮಾಡಿದ ಹಾಗೆಯೇ ಉಳಿದವರ ಫೋಟೋಗಳಿಗೆ ಅಂಚು ತಾಗಿಸಿ ನೇತುಹಾಕಿದೆ.

ಮಧ್ಯಾಹ್ನದ ಹೊತ್ತಿಗೆ ಫೋಟೋದೊಳಗಿನ ಚಾಪೆ ತುಂಬಿತ್ತು. ಎಲ್ಲರೂ ಕೂತಿದ್ದರು, ಹೊಂಬಾಳಮ್ಮ ಒಬ್ಬಳೇ ನಿಂತಿದ್ದಳು, ತಟ್ಟೆ ಹಿಡಿದು ಒಬ್ಬೊಬ್ಬರ ಮುಂದೆ ಬಗ್ಗುತ್ತಿದ್ದಳು. ಎಲ್ಲಿಗೂ ಹೋಗಲಿಲ್ಲ. ಹೋಗಲು ಪುರುಸೊತ್ತೇ ಇರಲಿಲ್ಲ ಅವಳಿಗೆ. ನಾನು ಕ್ಯಾಮೆರಾಕ್ಕೆ ಕೈ ಮುಗಿದೆ.

ಶುಕ್ರವಾರ ಬಂತು. ಬೀದಿಗೆಲ್ಲ ನೀರು ಹಾಕಿದ್ದರು. ಗಿರಣಿ ಬೀದಿಯ ಕೊನೆಯ ಅಂಗಡಿ, ಅದಕ್ಕೆ ಮುಂಚೆ ಗುಲ್ನಾಜಳದು, ಅದಕ್ಕೂ ಮುಂಚೆ ಜಯಶೀಲಾ, ಸಣ್ಣತಾಯಮ್ಮ. ಬೋರ್ಡುಗಳು ಒಂದಕ್ಕೊಂದು ತಗುಲಿಕೊಂಡೇ ಇದ್ದವು. ಚಿಕ್ಕರಾಜು ತನ್ನ ಫೋಟೋದ ಬೋರ್ಡನ್ನು ಪೇಪರಿನಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು, ಹೊಸ ಅಂಗಿ ಹಾಕಿಕೊಂಡು ಗಿರಣಿಯ ಮುಂದೆ ನಿಂತಿದ್ದ. ಗಿರಣಿಯ ಬೋರ್ಡು ಜನ ತುಂಬಿ ಗಲಗಲ ಅನ್ನುವಂತಿತ್ತು. "ಏನಿದು ಪಂಕಜಕ್ಕ, ಬೋರ್ಡೋ ಬಸ್ ಸ್ಟ್ಯಾಂಡೋ" ಅಂದ. ನಾನು ಅವನ ಕಡೆ ನೋಡಲೂ ಇಲ್ಲ. ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡು ನಿಂತಿದ್ದೆ, ನೋಡಿ, ಆ ಗುಂಗಿನಲ್ಲಿ ಒಂದು ವಿಷಯ ನನ್ನ ಮಂಡೆಗೆ ಹೊಳೆದೇ ಇರಲಿಲ್ಲ.

ಆ ತುದಿಯಲ್ಲಿ ಗಂಟೆ ಬಾರಿಸಿತು. ದೊಡ್ಡವೀರಯ್ಯನವರು ಒಂದೊಂದೇ ಅಂಗಡಿ ದಾಟಿ ಬರುತ್ತಿದ್ದರು. ಹೂವಿನಂಗಡಿ ಹತ್ತಿರವಾಗುತ್ತಿದ್ದ ಹಾಗೆ ಗಿರಣಿಯ ಬೋರ್ಡಿನಲ್ಲಿದ್ದ ಸಣ್ಣತಾಯಮ್ಮ ಎದ್ದಳು. ಕುಂಕುಮ ಇಟ್ಟುಕೊಂಡು ತನ್ನ ಬೋರ್ಡಿಗೆ ಹೊರಟಳು. ಹೋಗದೇ ಏನು ಮಾಡುತ್ತಾಳೆ, ಅವಳ ಅಂಗಡಿಯೂ ಉಳಿಯಬೇಡವೇ. ಗಂಟೆ ಬಾರಿಸಿತು. ಆಮೇಲೆ ಜಯಶೀಲಾ ಎದ್ದಳು. ಅಯ್ಯೋ ನನ್ನ ಬುದ್ಧಿಗಿಷ್ಟು, ಗುಲ್ನಾಜಳೂ ಈಗ ಏಳುತ್ತಾಳೆ, ಆಮೇಲೆ ಇವಳು ಒಬ್ಬಳೇ ಅನ್ನುವುದು ಆಗ ನನಗೆ ತಲೆಗೆ ಹೋಯಿತು. ಚಿಕ್ಕರಾಜುಗೆ ನನಗಿಂತ ಮೊದಲೇ ಹೋಗಿತ್ತು. ಅವನು ಬೋರ್ಡಿನ ಮೇಲಿನ ಪೇಪರು ಬಿಚ್ಚತೊಡಗಿದ್ದ.

ಗುಲ್ನಾಜ್ ಎದ್ದಳು. ಹೊಂಬಾಳಮ್ಮನ ಕೈಯನ್ನು ಒಂದು ಸಲ ಒತ್ತಿ ಹಿಡಿದು, ತನ್ನ ಬೋರ್ಡಿಗೆ ದಾಟಿದಳು. ಪಕ್ಕದಲ್ಲಿ ಗಂಟೆ ಬಾರಿಸಿತು.

ಈಗ ಗಿರಣಿಯ ಬೋರ್ಡಿನಲ್ಲಿ ಖಾಲಿ ಚಾಪೆ, ಕೈಯಲ್ಲಿ ತಟ್ಟೆ ಹಿಡಿದ ಹೊಂಬಾಳಮ್ಮ. ಕೆಳಗೆ ಇಡೀ ಪೇಟೆ ಕತ್ತೆತ್ತಿ ಅವಳನ್ನೇ ನೋಡುತ್ತಿತ್ತು. ಅಷ್ಟು ಜನ ನೋಡಿದರೆ ನನಗೇ ಓಡಿಹೋಗೋಣ ಅನ್ನಿಸುತ್ತದೆ. ಅವಳು ಅತ್ತ ನೋಡಿದಳು, ಇತ್ತ ನೋಡಿದಳು. ಬೋರ್ಡಿನ ಅಂಚಿನ ಕಡೆ ಒಂದು ಹೆಜ್ಜೆ ಇಟ್ಟಳು.

"ಹೊಂಬಾಳೂ, ಹೊರಗೆ ಬಾರೇ" ಅಂತ ನಾನು ಗಿರಣಿಯ ಒಳಕ್ಕೆ ಕೂಗಿದೆ. ಒಳಗೆ ಅವಳು ಯಂತ್ರದ ಹಿಂದೆ ಅಡಗಿ ನಿಂತಿದ್ದಳು, ನನಗೆ ಗೊತ್ತು. ಯಾರೂ ಬರಲಿಲ್ಲ. ಬೋರ್ಡಿನವಳು ಇನ್ನೊಂದು ಹೆಜ್ಜೆ ಇಟ್ಟಳು. ದೊಡ್ಡವೀರಯ್ಯನವರು ಗಂಟೆ ಹಿಡಿದ ಕೈ ಇಳಿಸಿದರು.

"ಪಾಪ, ಅತ್ತಿಗೆಗೆ ಕಷ್ಟ ಯಜಮಾನ್ರೇ" ಅಂದ ಚಿಕ್ಕರಾಜು. "ನಾನು ನಿಂತ್ಕೊತೀನಿ."

ಆಗ ಅವಳು ಹೊರಗೆ ಬಂದಳು. ಬಾಗಿಲಲ್ಲಿ ನಿಂತಳು. ಜನರನ್ನು ನೋಡಲಿಲ್ಲ, ಮೈದುನನನ್ನು ನೋಡಲಿಲ್ಲ. ಬೀದಿಗೆ ನಡೆದು ಬಂದು ತಿರುಗಿ, ತಲೆಯೆತ್ತಿ, ತನ್ನ ಬೋರ್ಡನ್ನು ನೇರವಾಗಿ ನೋಡಿದಳು. ತನ್ನ ಮುಖವನ್ನು ಅವಳು ಹಾಗೆ ಎದುರಾಬದುರು ನೋಡಿದ್ದು ಅದೇ ಮೊದಲಿರಬೇಕು. ಮೇಲಿನವಳೂ ಹೆಜ್ಜೆ ನಿಲ್ಲಿಸಿ ಕೆಳಗೆ ನೋಡಿದಳು. ಇಬ್ಬರಿಗೂ ಕಣ್ಣಲ್ಲಿ ನೀರು ನಿಂತಿತ್ತು, ಇಬ್ಬರಿಗೂ ನಾಚಿಕೆ.

"ಹೋಗ್ಬೇಡ" ಅಂದಳು ಹೊಂಬಾಳಮ್ಮ. ಅವಳ ದನಿ ಅಷ್ಟು ಗಟ್ಟಿ ಅಂತ ನಮಗೆ ಯಾರಿಗೂ ಗೊತ್ತಿರಲಿಲ್ಲ, ಗಿರಣಿಯ ಸದ್ದಿನಲ್ಲಿ ಪಳಗಿದ ದನಿ. "ಒಬ್ಬಳೇ ಅಂತ ಯಾಕೆ ಹೆದರ್ತೀಯ. ಕೆಳಗೆ ನಾನಿದೀನಲ್ಲ."

ಬೋರ್ಡಿನವಳು ಅವಳನ್ನೇ ನೋಡಿದಳು. ಆಮೇಲೆ ಇಟ್ಟ ಹೆಜ್ಜೆ ಹಿಂದಕ್ಕೆ ತೆಗೆದುಕೊಂಡು ಚಾಪೆಯ ಹತ್ತಿರ ಬಂದಳು.

ದೊಡ್ಡವೀರಯ್ಯನವರು ಕಣ್ಣು ಕಿರಿದು ಮಾಡಿ ಮೇಲೆ ನೋಡಿದರು, ಕೆಳಗೆ ನೋಡಿದರು. "ಯಾರಮ್ಮ ಇದು" ಅಂತ ಕೇಳಿದರು, ಕೇಳಬೇಕಾದ್ದು ಅವರ ಕೆಲಸ.

"ನಾನೇ" ಅಂದಳು. "ಗಿರಣಿ ನಂದು."

ಗಂಟೆ ಬಾರಿಸಿದರು. ಗುಲ್ನಾಜ್ ಕೂಗಿದ ಕೂಗಿಗೆ ಪೇಟೆಯ ಪಾರಿವಾಳಗಳೆಲ್ಲ ಎದ್ದವು. ಸಣ್ಣತಾಯಮ್ಮ ಒಂದು ಬುಟ್ಟಿ ಹೂವನ್ನೇ ಹೊಂಬಾಳಮ್ಮನ ತಲೆಯ ಮೇಲೆ ಸುರಿದಳು. ಚಿಕ್ಕರಾಜು ಪೇಪರನ್ನು ಮತ್ತೆ ತನ್ನ ಬೋರ್ಡಿಗೆ ಸುತ್ತಿ, "ಹಂಗಾದ್ರೆ ಅತ್ತಿಗೆ, ಮೊದಲನೇ ಬೀಸು ನಮ್ಮನೆ ರಾಗಿದೇ ಆಗ್ಲಿ" ಅಂದ. ಅವಳು ಬೆರಳು ತಿಕ್ಕಿ ತೋರಿಸಿದಳು, ನುಣ್ಣಗೋ ತರಿತರಿಯೋ ಅಂತ. ಅವನು ರಾಗಿ ತರಲು ಓಡಿದ. ನಾನು ಹುಚ್ಚಿಯ ಹಾಗೆ ನಗುತ್ತಾ ಅಳುತ್ತಾ ಅಲ್ಲೇ ನಿಂತಿದ್ದೆ.

ಜನ ಕರಗಿದರು, ಒಳಗೆ ಗಿರಣಿ ಶುರುವಾಯಿತು. ನಾನೊಬ್ಬಳೇ ಇನ್ನೂ ಬೋರ್ಡು ನೋಡುತ್ತಿದ್ದೆ. ಅದರೊಳಗಿನ ಹೊಂಬಾಳಮ್ಮ ಇನ್ನು ಯಾರೂ ಬರುವುದಿಲ್ಲ ಅಂತ ಖಾತ್ರಿ ಮಾಡಿಕೊಂಡವಳ ಹಾಗೆ ಬಾಗಿಲ ಕಡೆ ಒಂದು ಸಲ ನೋಡಿದಳು. ಆಮೇಲೆ ತನ್ನ ಚಾಪೆಯ ನಟ್ಟನಡುವೆ ಕಾಲು ಚಾಚಿ ಕೂತು, ತಟ್ಟೆಯಿಂದ ಒಂದು ತಂಬಿಟ್ಟು ತೆಗೆದುಕೊಂಡು ನಿಧಾನವಾಗಿ ತಿನ್ನತೊಡಗಿದಳು.